ಡೈವರ್‌ಗಳ ಬಳಿಗೆ ಮರಳಿ ಮರಳಿ ಬರುವ ಶಾರ್ಕ್: ಅದು ಆಟವೇ, ಆಹಾರದ ನಿರೀಕ್ಷೆಯೇ?

ಪ್ರಶ್ನೆ ಕೇಳಿದವರು: ಬೆಣ್ಣೆತೊರೆ, ಕಲಬುರಗಿ

ಎಲ್ಲರಿಗೂ ಶರಣು ಶರಣಾರ್ಥಿ.

ನಾನು ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಸಮುದ್ರವನ್ನು ಕಣ್ಣಾರೆ ಕಂಡ ಮಕ್ಕಳು ನನ್ನ ತರಗತಿಯಲ್ಲಿ ಬಹಳ ಕಡಿಮೆ. ಆದರೆ ಮೊಬೈಲಿನಲ್ಲಿ ಶಾರ್ಕ್ ವಿಡಿಯೊ ನೋಡದ ಮಗು ಒಂದೂ ಇಲ್ಲ. ವಿಜ್ಞಾನ ಸಂಘದ ಮುಂದಿನ ಚರ್ಚೆಗೆ ‘ಶಾರ್ಕ್ ಆಟವಾಡುತ್ತದೆಯೇ’ ಎಂಬ ವಿಷಯವನ್ನು ಅವರೇ ಆರಿಸಿಕೊಂಡಿದ್ದಾರೆ. ಈ ಪ್ರಶ್ನೆಯನ್ನು ಹುಟ್ಟಿಸಿದ್ದು ಬಹಾಮಾಸ್ ದ್ವೀಪಗಳಲ್ಲಿ ಚಿತ್ರೀಕರಿಸಿದ ಒಂದು ದೃಶ್ಯ. ಉಕ್ಕಿನ ಬಳೆಗಳನ್ನು ಹೆಣೆದು ಮಾಡಿದ ಕವಚ ತೊಟ್ಟ ಡೈವರ್ ಒಬ್ಬರು ಸಮುದ್ರತಳದ ಮರಳಿನ ಮೇಲೆ ಮಂಡಿಯೂರಿ ಕುಳಿತಿರುತ್ತಾರೆ. ಆಳುದ್ದದ ಕೆರಿಬಿಯನ್ ರೀಫ್ ಶಾರ್ಕ್ ಒಂದು ಬಂದು ಅವರ ತೊಡೆಯ ಮೇಲೆ ತಲೆಯಿಡುತ್ತದೆ, ಮೂತಿಯನ್ನು ಸವರಿಸಿಕೊಳ್ಳುತ್ತದೆ, ಸ್ವಲ್ಪ ದೂರ ಸರಿದು ಒಂದು ಸುತ್ತು ಹಾಕಿ ಮತ್ತೆ ಅದೇ ತೊಡೆಗೆ ಮರಳುತ್ತದೆ.

ಮಕ್ಕಳಲ್ಲಿ ಬಹುಪಾಲು ಜನ ಇದು ಆಟವೇ ಸರಿ ಎನ್ನುತ್ತಿದ್ದಾರೆ. ನನ್ನ ಸಹೋದ್ಯೋಗಿಯೊಬ್ಬರಾದರೋ ‘ಮೀನಿಗೆ ಆಟವಾಡುವಷ್ಟು ಮಿದುಳೇ ಇಲ್ಲ’ ಎಂದು ಒಂದೇ ಮಾತಿನಲ್ಲಿ ವಿಷಯವನ್ನು ಮುಗಿಸಿಬಿಡುತ್ತಾರೆ. ಎರಡೂ ತೀರ್ಪುಗಳು ಅವಸರದವು ಎಂದು ನನಗೆ ಅನ್ನಿಸುತ್ತದೆ. ಒಂದು ಪ್ರಾಣಿಯ ನಡವಳಿಕೆಯನ್ನು ಆಟವೆಂದು ಕರೆಯಲು ವಿಜ್ಞಾನಿಗಳು ಯಾವ ಲಕ್ಷಣಗಳನ್ನು ನೋಡುತ್ತಾರೆ, ಶಾರ್ಕ್‌ಗಳ ವಿಷಯದಲ್ಲಿ ಆ ಲಕ್ಷಣಗಳು ಎಲ್ಲಿಯಾದರೂ ಕಂಡಿವೆಯೇ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಜೊತೆಗೆ, ಮೃಗಾಲಯದವರು ಪ್ರಾಣಿಗಳ ಬೇಸರ ಕಳೆಯಲು ‘ಎನ್‌ರಿಚ್‌ಮೆಂಟ್’ ಎಂಬ ಹೆಸರಿನಲ್ಲಿ ಏನೇನೋ ಒದಗಿಸುತ್ತಾರಲ್ಲ, ಡೈವರ್‌ನ ಸಾಮೀಪ್ಯವೂ ಶಾರ್ಕ್‌ಗೆ ಅಂಥದ್ದೇ ಒಂದು ಒದಗಣೆ ಆಗಬಲ್ಲದೇ ಎಂಬ ಸಂದೇಹವೂ ಇದೆ.

ಉತ್ತರ: ಕಾರಂಜಾ, ಬೀದರ

ಮೇಡಂ ಅವರಿಗೆ ನಮಸ್ಕಾರ. ನಾನು ಪಶುವೈದ್ಯ. ನಾನು ಓದಿದ ಬೀದರಿನ ವಿಶ್ವವಿದ್ಯಾಲಯದ ಹೆಸರಿನಲ್ಲಿ ಪಶುವೈದ್ಯಕೀಯದೊಂದಿಗೆ ಮೀನುಗಾರಿಕಾ ವಿಜ್ಞಾನವೂ ಇದೆ. ಅದರ ಮೀನುಗಾರಿಕಾ ಕಾಲೇಜು ಮಾತ್ರ, ಇರಬೇಕಾದ ಜಾಗದಲ್ಲಿ, ಅಂದರೆ ಮಂಗಳೂರಿನಲ್ಲಿ ಇದೆ. ಹೀಗಾಗಿ ಶಾರ್ಕ್‌ಗಳ ಬಗ್ಗೆ ನನ್ನದು ಓದಿನ ತಿಳಿವಳಿಕೆ. ಪ್ರಾಣಿವರ್ತನೆಯ ಬಗ್ಗೆ ಮಾತ್ರ ವೃತ್ತಿಯ ಅನುಭವವೂ ಸೇರಿದೆ.

ಆಟವನ್ನು ಗುರುತಿಸಲು ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಅಳತೆಗೋಲು ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯದ ಗಾರ್ಡನ್ ಬರ್ಗ್‌ಹಾರ್ಟ್ ಅವರು 2005ರಲ್ಲಿ ಮಂಡಿಸಿದ್ದು. ಅವರ ಪ್ರಕಾರ ಐದು ಷರತ್ತುಗಳೂ ಒಟ್ಟಿಗೆ ಈಡೇರಬೇಕು. ನಡವಳಿಕೆಯಿಂದ ಆ ಹೊತ್ತಿಗೆ ಹೊಟ್ಟೆ ತುಂಬುವ, ಸಂಗಾತಿ ಸಿಗುವ ಅಥವಾ ಜೀವ ಉಳಿಯುವ ನೇರ ಪ್ರಯೋಜನ ಇರಬಾರದು. ಪ್ರಾಣಿ ಅದನ್ನು ತಾನಾಗಿಯೇ, ಮಾಡುವುದಕ್ಕಾಗಿಯೇ ಮಾಡುತ್ತಿರಬೇಕು. ಬೇಟೆ, ಕಾದಾಟ ಮೊದಲಾದ ಗಂಭೀರ ಕ್ರಿಯೆಗಳಿಗೆ ಅದು ಹೋಲಿದರೂ ರೂಪದಲ್ಲಿ ಅಥವಾ ಕಾಲದಲ್ಲಿ ಬೇರೆಯಾಗಿರಬೇಕು: ಅಪೂರ್ಣವಾಗಿ ನಿಲ್ಲಬೇಕು, ಅತಿಯಾಗಿರಬೇಕು, ಇಲ್ಲವೇ ವಯಸ್ಸಿಗೆ ಮೊದಲೇ ಕಾಣಿಸಬೇಕು. ಅದು ಮತ್ತೆ ಮತ್ತೆ ನಡೆಯಬೇಕು, ಆದರೆ ಬೋನಿನಲ್ಲಿರುವ ಪ್ರಾಣಿ ಒಂದೇ ಜಾಡಿನಲ್ಲಿ ಅತ್ತಿಂದಿತ್ತ ಅಲೆಯುವಂತೆ ಯಾಂತ್ರಿಕವಾಗಿರಬಾರದು. ಕೊನೆಯದಾಗಿ, ಪ್ರಾಣಿ ಹಸಿವು, ಭಯ, ರೋಗ, ಒತ್ತಡ ಇಲ್ಲದ ನೆಮ್ಮದಿಯ ಸ್ಥಿತಿಯಲ್ಲಿರಬೇಕು. ಈ ಅಳತೆಗೋಲಿನಲ್ಲಿ ಮಿದುಳಿನ ಗಾತ್ರದ ಮಾತೇ ಬರುವುದಿಲ್ಲ ಎಂಬುದನ್ನು ತಮ್ಮ ಸಹೋದ್ಯೋಗಿಗಳಿಗೆ ದಯವಿಟ್ಟು ತಿಳಿಸಿರಿ. ನೋಡಬೇಕಾದದ್ದು ಪ್ರಾಣಿ ಏನು ಮಾಡುತ್ತದೆ, ಯಾವ ಸ್ಥಿತಿಯಲ್ಲಿ ಮಾಡುತ್ತದೆ ಎಂಬುದನ್ನು.

ಈಗ ಬಹಾಮಾಸ್‌ನ ದೃಶ್ಯವನ್ನು ಈ ಷರತ್ತುಗಳ ಎದುರು ಇಟ್ಟು ನೋಡೋಣ. ಅಂಥ ಡೈವ್‌ಗಳಲ್ಲಿ ಕವಚ ತೊಟ್ಟವರ ಪಕ್ಕದಲ್ಲಿ ಸಾಮಾನ್ಯವಾಗಿ ಮೀನಿನ ತುಂಡುಗಳನ್ನು ತುಂಬಿದ ಕೊಳವೆ ಅಥವಾ ಪೆಟ್ಟಿಗೆ ಇರುತ್ತದೆ. ಕವಚ ತೊಡುವುದೇ ಆಹಾರ ಕೊಡುವಾಗ ಕೈಗೆ ಹಲ್ಲು ತಾಗದಿರಲಿ ಎಂದು. ಹಾಗಿರುವಾಗ ಮೊದಲ ಷರತ್ತೇ ಅಲುಗಾಡುತ್ತದೆ. ಆಹಾರ ಸಿಗುವ ಜಾಗಕ್ಕೆ, ಆಹಾರ ಕೊಡುವ ವ್ಯಕ್ತಿಯ ಬಳಿಗೆ ಮರಳಿ ಬರುವುದು ಕಲಿಕೆ. ಈ ಕಲಿಕೆಯಲ್ಲಿ ಶಾರ್ಕ್‌ಗಳು ಬಹಳ ಚುರುಕು ಎಂಬುದು ಹೊಸ ಸಂಗತಿಯೇನೂ ಅಲ್ಲ. ಫ್ಲಾರಿಡಾದ ಕೇಪ್ ಹೇಜ್ ಪ್ರಯೋಗಾಲಯದಲ್ಲಿ ಯೂಜಿನಿ ಕ್ಲಾರ್ಕ್ ಅವರು ನಿಂಬೆ ಶಾರ್ಕ್‌ಗಳಿಗೆ ಹಲಗೆಯೊಂದನ್ನು ಮೂತಿಯಿಂದ ಒತ್ತಿ ಆಹಾರ ಪಡೆಯುವುದನ್ನು ಕಲಿಸಿ, 1959ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಚಳಿಗಾಲದಲ್ಲಿ ನೀರು ತಣ್ಣಗಾಗಿ ಆ ಶಾರ್ಕ್‌ಗಳು ತಿನ್ನುವುದನ್ನು ಬಿಟ್ಟಿದ್ದರಿಂದ ಸುಮಾರು ಹತ್ತು ವಾರ ತರಬೇತಿ ನಿಂತಿತ್ತು. ಮತ್ತೆ ಶುರು ಮಾಡಿದಾಗ ಅವು ಪಾಠವನ್ನು ಮರೆತಿರಲಿಲ್ಲ. ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪೋರ್ಟ್ ಜ್ಯಾಕ್ಸನ್ ಶಾರ್ಕ್ ಮರಿಗಳು ಜ್ಯಾಜ್ ಸಂಗೀತ ಕೇಳಿಸಿದಾಗ ಆಹಾರದ ಮೂಲೆಗೆ ಹೋಗುವುದನ್ನು ಕಲಿತವು. ಅದಕ್ಕೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೂ ಸೇರಿಸಿ ಎರಡನ್ನು ಬೇರ್ಪಡಿಸಲು ಕೇಳಿದಾಗ ಗೊಂದಲಗೊಂಡವು. ಇಷ್ಟು ಕಲಿಯಬಲ್ಲ ಪ್ರಾಣಿ ಡೈವರ್‌ನ ಆಕಾರವನ್ನು, ದೋಣಿಯ ಸದ್ದನ್ನು ಊಟದೊಂದಿಗೆ ಜೋಡಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಮೂತಿ ಸವರುವುದರ ಕಥೆ ಬೇರೆ. ಶಾರ್ಕ್‌ನ ಮೂತಿಯ ತುಂಬ ಲೊರೆಂಜಿನಿ ಕುಹರಗಳೆಂಬ ಸಣ್ಣ ರಂಧ್ರಗಳಿವೆ. ಅವುಗಳೊಳಗೆ ಲೋಳೆ ತುಂಬಿದ್ದು, ಬೇಟೆಯ ಸ್ನಾಯುಗಳಿಂದ ಹೊರಡುವ ಅತಿ ಕ್ಷೀಣವಾದ ವಿದ್ಯುತ್ತನ್ನೂ ಅವು ಗ್ರಹಿಸುತ್ತವೆ. ಅಷ್ಟು ಸೂಕ್ಷ್ಮವಾದ ಅಂಗದ ಮೇಲೆ ಕೈಯಾಡಿಸಿದಾಗ ಶಾರ್ಕ್ ಮಂಕಾಗಿ ನಿಲ್ಲುವುದನ್ನು ನಾವು ‘ಸುಖ’ ಎಂದು ಓದಿಕೊಳ್ಳುವುದು ಸುಲಭ. ದನದ ಗಂಗೆದೊಗಲು ತುರಿಸಿದಾಗ ಅದು ಕತ್ತು ಚಾಚುವುದನ್ನು ದಿನವೂ ನೋಡುವ ನನಗೂ ಹಾಗೆ ಓದಬೇಕೆಂಬ ಆಸೆಯಾಗುತ್ತದೆ. ಆದರೆ ದನದ ಮುಖವನ್ನು ಓದಲು ನಮಗೆ ಸಾವಿರಾರು ವರ್ಷಗಳ ಒಡನಾಟವಿದೆ, ಶಾರ್ಕ್‌ನ ಮುಖಕ್ಕೆ ಅಂಥ ಭಾವಗಳನ್ನು ತೋರಿಸುವ ಸ್ನಾಯುಗಳೇ ಇಲ್ಲ.

ಆ ವಿಡಿಯೊ ಆಟಕ್ಕೆ ಸಾಕ್ಷಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆಹಾರವನ್ನು ಎಂದೂ ಕೊಡದ ಡೈವರ್‌ನ ಬಳಿಗೆ, ಎಂದೂ ಆಹಾರ ಹಾಕದ ಜಾಗದಲ್ಲಿ, ಹೊಟ್ಟೆ ತುಂಬಿದ ಶಾರ್ಕ್ ಒಂದು ಹೀಗೆಯೇ ಪದೇ ಪದೇ, ಪ್ರತಿ ಸಲವೂ ಸ್ವಲ್ಪ ಬೇರೆ ರೀತಿಯಲ್ಲಿ ಬಂದರೆ ಆಗ ನಾನು ಕುರ್ಚಿಯಿಂದ ಎದ್ದು ಕುಳಿತು ನೋಡುತ್ತೇನೆ.

ಉತ್ತರ: ಹತ್ತಿಕುಣಿ, ಯಾದಗಿರಿ

ಅಕ್ಕಾವರೇ, ಡಾಕ್ಟರ್ ಸಾಹೇಬರು ವಿಡಿಯೊ ಬಗ್ಗೆ ಹೇಳಿದ್ದನ್ನು ನಾನು ಒಪ್ಪುತ್ತೇನೆ. ಆದರೆ ಅವರ ಉತ್ತರವನ್ನಷ್ಟೇ ಓದಿದ ಮಕ್ಕಳು ‘ಶಾರ್ಕ್ ಆಡುವುದಿಲ್ಲ’ ಎಂಬ ತೀರ್ಮಾನಕ್ಕೆ ಬಂದುಬಿಟ್ಟರೆ ಅದು ಇನ್ನೊಂದು ಬಗೆಯ ಅವಸರವಾಗುತ್ತದೆ. ಡೈವರ್‌ಗಳನ್ನು ಬಿಟ್ಟು ಬೇರೆ ಕಡೆ ನೋಡಿದರೆ ಸಾಕ್ಷ್ಯ ಹೆಚ್ಚು ಗಟ್ಟಿಯಾಗಿದೆ.

ಉತ್ತರ ಅಟ್ಲಾಂಟಿಕ್ ಸಾಗರದ ತಣ್ಣೀರಿನಲ್ಲಿ ಪೋರ್‌ಬೀಗಲ್ ಎಂಬ ಶಾರ್ಕ್ ಇದೆ. ಇದು ದೊಡ್ಡ ಬಿಳಿ ಶಾರ್ಕ್‌ನ ಹತ್ತಿರದ ಸಂಬಂಧಿ. ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯಲ್ಲಿ ಈ ಶಾರ್ಕ್‌ಗಳು ನೀರಿನ ಮೇಲ್ಭಾಗದಲ್ಲಿ ಉರುಳಾಡುತ್ತ ಕೆಲ್ಪ್ ಎಂಬ ಉದ್ದನೆಯ ಕಡಲಪಾಚಿಯನ್ನು ಮೈಗೆ ಸುತ್ತಿಕೊಳ್ಳುವುದನ್ನು, ಪಾಚಿಯನ್ನು ಎಳೆದುಕೊಂಡು ಹೋಗುವ ಒಂದರ ಹಿಂದೆ ಇನ್ನೊಂದು ಅಟ್ಟಿಸಿಕೊಂಡು ಹೋಗುವುದನ್ನು, ತೇಲುವ ವಸ್ತುಗಳನ್ನು ತಳ್ಳುವುದನ್ನು ನೋಡಿದವರಿದ್ದಾರೆ. ಮೈಮೇಲಿನ ಪರೋಪಜೀವಿಗಳನ್ನು ಉಜ್ಜಿ ತೆಗೆಯಲು ಹಾಗೆ ಮಾಡುತ್ತಿರಬಹುದು ಎಂಬ ಆಕ್ಷೇಪ ಇದ್ದೇ ಇದೆ. ಉರುಳಾಟಕ್ಕೆ ಆ ವಿವರಣೆ ಸಾಕಾಗಬಹುದು, ಅಟ್ಟಾಟಕ್ಕೆ ಸಾಕಾಗುವುದಿಲ್ಲ.

ಈ ವರದಿಗಳು ಪೋರ್‌ಬೀಗಲ್‌ನಿಂದಲೇ ಬಂದಿರುವುದು ನನಗೆ ಕೇವಲ ಆಕಸ್ಮಿಕವೆಂದು ತೋರುವುದಿಲ್ಲ. ಬರ್ಗ್‌ಹಾರ್ಟ್ ಅವರೇ ಆಟದ ಹುಟ್ಟನ್ನು ವಿವರಿಸುವಾಗ, ಬದುಕಿನ ಅಗತ್ಯಗಳನ್ನು ಪೂರೈಸಿ ಮಿಗುವ ಶಕ್ತಿ ಮತ್ತು ಬಿಡುವು ಇರುವ ಪ್ರಾಣಿಗಳಲ್ಲಿ ಆಟ ಹೆಚ್ಚು ಎನ್ನುತ್ತಾರೆ. ಶೀತರಕ್ತದ ಪ್ರಾಣಿಗಳಿಗೆ ಆ ಮಿಗುತಾಯ ಕಡಿಮೆ. ಶಾರ್ಕ್ ಮರಿಗಳಿಗಂತೂ ಹುಟ್ಟಿದ ಗಳಿಗೆಯಿಂದ ತಾಯಿಯ ಆರೈಕೆ ಇಲ್ಲ, ಆದ್ದರಿಂದ ಸಸ್ತನಿ ಮರಿಗಳಿಗೆ ಸಿಗುವ ನಿಶ್ಚಿಂತೆಯ ಬಾಲ್ಯವೂ ಇಲ್ಲ. ಆದರೆ ಪೋರ್‌ಬೀಗಲ್, ಮಾಕೋ, ಬಿಳಿ ಶಾರ್ಕ್‌ಗಳ ಕುಟುಂಬ ಇದಕ್ಕೆ ಅರ್ಧ ಅಪವಾದ: ಈಜುವ ಸ್ನಾಯುಗಳಲ್ಲಿ ಹುಟ್ಟುವ ಬಿಸಿಯನ್ನು ರಕ್ತನಾಳಗಳ ವಿಶೇಷ ಹೆಣಿಗೆಯ ಮೂಲಕ ಹಿಡಿದಿಟ್ಟುಕೊಂಡು ಅವು ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತವೆ. ಶಾರ್ಕ್‌ಗಳಲ್ಲಿ ಆಟವನ್ನು ಹುಡುಕುವುದಾದರೆ ಮೊದಲು ಹುಡುಕಬೇಕಾದ ಮನೆ ಇದೇ.

ಮೀನುಗಳ ಪೈಕಿ ಅಳತೆ ಮಾಡಿ ದಾಖಲಿಸಿದ ಉದಾಹರಣೆ ಬೇಕೆಂದರೆ, ಬರ್ಗ್‌ಹಾರ್ಟ್, ವ್ಲಾದಿಮಿರ್ ದೀನೆಟ್ಸ್ ಮತ್ತು ಜೇಮ್ಸ್ ಮರ್ಫಿ ಅವರು 2015ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಆಫ್ರಿಕಾದ ಟ್ಯಾಂಗನ್ಯೀಕಾ ಸರೋವರದ ಸಿಕ್ಲಿಡ್ ಜಾತಿಯ ಮೂರು ಗಂಡು ಮೀನುಗಳು ತೊಟ್ಟಿಯಲ್ಲಿದ್ದ ಥರ್ಮಾಮೀಟರಿಗೆ ಮತ್ತೆ ಮತ್ತೆ ಗುದ್ದುತ್ತಿದ್ದವು. ತಳದಲ್ಲಿ ಭಾರವಿದ್ದ ಆ ಥರ್ಮಾಮೀಟರ್ ತಂಜಾವೂರಿನ ಗೊಂಬೆಯಂತೆ ವಾಲಿ ಮತ್ತೆ ನೆಟ್ಟಗಾಗುತ್ತಿತ್ತು. ಆಹಾರ ಇರಲಿ ಇಲ್ಲದಿರಲಿ, ಬೇರೆ ಮೀನು ಕಾಣಲಿ ಕಾಣದಿರಲಿ, ಗುದ್ದಾಟದಲ್ಲಿ ಗಮನಾರ್ಹ ವ್ಯತ್ಯಾಸವಾಗಲಿಲ್ಲ. ಮೂರು ಮೀನುಗಳೂ ಗುದ್ದುವ ರೀತಿ ಒಂದೇ ಆಗಿರಲಿಲ್ಲ ಎಂಬುದು ನನಗೆ ಹೆಚ್ಚು ಇಷ್ಟವಾದ ಅಂಶ.

ಕೃಷ್ಣೆಯ ದಂಡೆಯ ನಮ್ಮ ಜನರಿಗೆ ಇನ್ನೊಂದು ಸಂಗತಿ ರುಚಿಸಬಹುದು. ಇದೇ ದೀನೆಟ್ಸ್ ಅವರು ಅದೇ 2015ರಲ್ಲಿ ಮೊಸಳೆಗಳ ಆಟದ ಬಗ್ಗೆಯೂ ಬರೆದಿದ್ದಾರೆ. ಕೋಸ್ಟರೀಕದಲ್ಲಿ ಗುಂಡೇಟು ತಿಂದ ಪೋಚೋ ಎಂಬ ಮೊಸಳೆ ತನ್ನನ್ನು ಬದುಕಿಸಿದ ಮೀನುಗಾರನ ಜೊತೆ, 2011ರಲ್ಲಿ ತಾನು ಸಾಯುವವರೆಗೂ, ನೀರಿನಲ್ಲಿ ಆಡುತ್ತಿತ್ತು. ಮನುಷ್ಯನೊಂದಿಗೆ ಆಡಿದ ಶೀತರಕ್ತದ ಪ್ರಾಣಿ ಎನ್ನಲು ಇದಕ್ಕಿಂತ ಬಲವಾದ ಉದಾಹರಣೆ ಸಿಗುವುದು ಕಷ್ಟ. ಸುರಪುರ, ಶಹಾಪುರದ ಕಡೆಯ ಹೊಳೆಯಲ್ಲಿ ಇದನ್ನು ಯಾರೂ ಪರೀಕ್ಷಿಸಲು ಇಳಿಯಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಮರುಪ್ರಶ್ನೆ: ಬೆಣ್ಣೆತೊರೆ, ಕಲಬುರಗಿ

ಇಬ್ಬರಿಗೂ ಧನ್ಯವಾದಗಳು. ಆಟದ ಭಾಗ ಬಹಳ ಮಟ್ಟಿಗೆ ಸ್ಪಷ್ಟವಾಯಿತು. ಎನ್‌ರಿಚ್‌ಮೆಂಟ್ ಬಗ್ಗೆ ಯಾರಾದರೂ ತಿಳಿಸುವಿರಾ? ಇನ್ನೊಂದು ವಿಷಯ: ಶಾರ್ಕ್ ಅನ್ನು ಬೆನ್ನ ಮೇಲೆ ಮಲಗಿಸಿದರೆ ಅದು ನಿದ್ದೆ ಹೋಗುತ್ತದೆ ಎಂದು ಒಬ್ಬ ಹುಡುಗ ತರಗತಿಯಲ್ಲಿ ಹೇಳಿದ. ಅದು ನಿಜವೇ? ನಿಜವಾಗಿದ್ದರೆ ಅದು ಶಾರ್ಕ್‌ಗೆ ವಿಶ್ರಾಂತಿಯೇ?

ಉತ್ತರ: ಮುಲ್ಲಾಮಾರಿ, ಚಿಂಚೋಳಿ

ಮೇಡಂ, ನಾನು ಕೆಲವು ವರ್ಷ ಕೊಲ್ಲಿ ದೇಶವೊಂದರ ದೊಡ್ಡ ಅಕ್ವೇರಿಯಂನಲ್ಲಿ ನೀರಿನ ಶುದ್ಧೀಕರಣ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಮಾಡಿದ್ದೇನೆ. ಡೈವ್ ಮಾಡುವವರು ಬೇರೆಯವರು. ನಾನು ಗಾಜಿನ ಈಚೆ ಮತ್ತು ತೊಟ್ಟಿಯ ಮೇಲೆ ಇದ್ದವನು. ಆದರೆ ಮೇಲಿನಿಂದ ನೋಡುವವರಿಗೆ ಶಾರ್ಕ್‌ಗಳ ದಿನಚರಿ ಚೆನ್ನಾಗಿ ಕಾಣುತ್ತದೆ.

ಅಲ್ಲಿ ಎನ್‌ರಿಚ್‌ಮೆಂಟ್ ಎಂದರೆ ಆಟಿಕೆ ಎಸೆಯುವುದಲ್ಲ. ಮೊದಲು ಮಾಡುವ ಕೆಲಸ ಗುರಿಹಲಗೆಯ ತರಬೇತಿ. ಒಂದೊಂದು ಜಾತಿಗೆ ಅಥವಾ ಒಂದೊಂದು ಶಾರ್ಕ್‌ಗೆ ಒಂದು ಆಕಾರ, ಒಂದು ಮಾದರಿಯ ಹಲಗೆ ಇರುತ್ತದೆ. ಅದನ್ನು ನೀರಿಗೆ ಇಳಿಸಿದಾಗ ಆ ಶಾರ್ಕ್ ಬಂದು ಮೂತಿ ತಾಗಿಸಬೇಕು, ಆಗ ಅದರ ಪಾಲಿನ ಮೀನು ಸಿಗುತ್ತದೆ. ಡಾಕ್ಟರ್ ಸಾಹೇಬರು ಹೇಳಿದ 1959ರ ಪ್ರಯೋಗವೇ ಇಂದು ಅಕ್ವೇರಿಯಂಗಳ ನಿತ್ಯದ ಊಟದ ಕ್ರಮವಾಗಿದೆ ಎನ್ನಬಹುದು. ಇದರಿಂದ ಯಾವ ಶಾರ್ಕ್ ಎಷ್ಟು ತಿಂದಿತು ಎಂಬ ಲೆಕ್ಕ ಸಿಗುತ್ತದೆ, ಜೋರಿನದು ಮೆತ್ತನೆಯದರ ಪಾಲನ್ನು ಕಿತ್ತುಕೊಳ್ಳುವುದು ತಪ್ಪುತ್ತದೆ, ಮುಂದೆ ಅದೇ ಹಲಗೆಯ ಹಿಂದೆ ಶಾರ್ಕ್ ತಾನಾಗಿಯೇ ಸ್ಟ್ರೆಚರಿನೊಳಗೆ ಈಜಿ ಬಂದು ರಕ್ತಪರೀಕ್ಷೆಗೆ ಒಡ್ಡಿಕೊಳ್ಳುವಂತೆಯೂ ಕಲಿಸಬಹುದು. ಬಲೆ ಬೀಸಿ ಹಿಡಿಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿದವರಿಗೇ ಗೊತ್ತು. ಇದರ ಜೊತೆಗೆ ನೀರಿನ ಹರಿವಿನ ದಿಕ್ಕನ್ನು ಬದಲಿಸುವುದು, ಊಟದ ಹೊತ್ತು ಮತ್ತು ಜಾಗವನ್ನು ಬದಲಿಸುವುದು, ಮೀನಿನ ರಸವನ್ನು ಒಂದು ಮೂಲೆಯಿಂದ ಬಿಟ್ಟು ವಾಸನೆಯ ಜಾಡು ಹಿಡಿಯಲು ಬಿಡುವುದು ಇತ್ಯಾದಿ.

ಇಷ್ಟೆಲ್ಲ ಏಕೆಂದರೆ, ಕೆಲವು ಜಾತಿಯ ಶಾರ್ಕ್‌ಗಳು ಕಿವಿರುಗಳ ಮೂಲಕ ನೀರು ಹಾಯಲೆಂದು ಸದಾ ಈಜುತ್ತಿರಬೇಕು. ನರ್ಸ್ ಶಾರ್ಕ್‌ನಂಥವು ಬಾಯಿಯಿಂದ ನೀರೆಳೆದು ತಳದಲ್ಲಿ ಆರಾಮವಾಗಿ ಬಿದ್ದಿರಬಲ್ಲವು. ಸದಾ ಈಜುವ ಪ್ರಾಣಿಯನ್ನು ಗೋಡೆಗಳ ನಡುವೆ ಇಟ್ಟಾಗ ಅದು ಒಂದೇ ದಿಕ್ಕಿನಲ್ಲಿ ಒಂದೇ ಸುತ್ತನ್ನು ಹಾಕುತ್ತ ಹೋಗುತ್ತದೆ. ಎಲ್ಲ ಶಾರ್ಕ್‌ಗಳಿಗೂ ತೊಟ್ಟಿಯ ಬದುಕು ಒಗ್ಗುವುದೂ ಇಲ್ಲ. ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂನಲ್ಲಿ 2004ರಲ್ಲಿ ಬಿಳಿ ಶಾರ್ಕ್ ಮರಿಯೊಂದನ್ನು 198 ದಿನ ಇರಿಸಿ ಸಮುದ್ರಕ್ಕೆ ಬಿಟ್ಟಿದ್ದು ದೊಡ್ಡ ಸಾಧನೆಯೆನಿಸಿತು. 2016ರಲ್ಲಿ ಜಪಾನಿನ ಓಕಿನಾವಾದಲ್ಲಿ ಇರಿಸಿದ ಬೆಳೆದ ಬಿಳಿ ಶಾರ್ಕ್ ಮೂರೇ ದಿನಗಳಲ್ಲಿ ಸತ್ತಿತು.

ತೊಟ್ಟಿಯೊಳಗೆ ಗಾಜು ಒರೆಸಲು ಇಳಿಯುವ ಡೈವರ್‌ಗಳ ವಿಷಯಕ್ಕೆ ಬಂದರೆ, ಕೆಲವು ಶಾರ್ಕ್‌ಗಳು ಹತ್ತಿರ ಸುಳಿದು ಗಾಳಿಗುಳ್ಳೆಗಳ ನಡುವೆ ಹಾದು ಹೋಗುತ್ತಿದ್ದವು, ಕೆಲವು ತೊಟ್ಟಿಯ ಆಚೆಯ ತುದಿಗೆ ಸರಿದುಬಿಡುತ್ತಿದ್ದವು. ನನ್ನ ದೃಷ್ಟಿಯಲ್ಲಿ ತಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಹತ್ತಿರ ಬರುವುದೂ ದೂರ ಹೋಗುವುದೂ ಶಾರ್ಕ್‌ನ ಕೈಯಲ್ಲೇ ಇದ್ದರೆ ಡೈವರ್‌ನ ಇರವು ಅದಕ್ಕೆ ಒಂದು ಒದಗಣೆಯಾದೀತು. ದೂರ ಹೋಗಲು ಜಾಗವಿಲ್ಲದಿದ್ದರೆ ಅದೇ ಡೈವರ್ ಒಂದು ಕಾಟ. ತೆರೆದ ಸಮುದ್ರದ ಶಾರ್ಕ್‌ಗೆ ಸಾಗರವೇ ಬೇಕಾದಷ್ಟು ಒದಗಿಸುತ್ತದೆ. ಅಲ್ಲಿ ಎನ್‌ರಿಚ್‌ಮೆಂಟ್ ಎಂಬ ಮಾತನ್ನು ಎತ್ತುವುದು ಪ್ರವಾಸೋದ್ಯಮದವರ ಜಾಣತನವೆಂದೇ ನನಗೆ ತೋರುತ್ತದೆ.

ಉತ್ತರ: ಕಾರಂಜಾ, ಬೀದರ

ಮುಲ್ಲಾಮಾರಿ ಅವರ ಕೊನೆಯ ಮಾತಿಗೆ ಒಂದು ಸಣ್ಣ ತಿದ್ದುಪಡಿ ಸೇರಿಸುತ್ತೇನೆ. ಪ್ರವಾಸಿಗರಿಗಾಗಿ ಆಹಾರ ಹಾಕುವುದರ ಪರಿಣಾಮ ಎಲ್ಲ ಕಡೆ ಒಂದೇ ಆಗಿಲ್ಲ. ಬಹಾಮಾಸ್‌ನ ಟೈಗರ್ ಬೀಚ್‌ನಲ್ಲಿ ಆಹಾರ ತಿನ್ನುವ ಹುಲಿ ಶಾರ್ಕ್‌ಗಳು ಅಲ್ಲೇ ಕಟ್ಟುಬೀಳದೆ ಅಟ್ಲಾಂಟಿಕ್‌ನಲ್ಲಿ ಬಹಳ ದೂರ ಅಲೆಯುತ್ತವೆ ಎಂದು 2012ರ ಉಪಗ್ರಹ ಅಧ್ಯಯನವೊಂದು ತೋರಿಸಿತು. ಅದೇ ಫಿಲಿಪ್ಪೀನ್ಸ್‌ನ ಓಸ್ಲೋಬ್‌ನಲ್ಲಿ ಸಿಗಡಿಯ ಆಸೆಗೆ ತಿಮಿಂಗಿಲ ಶಾರ್ಕ್‌ಗಳು ದೋಣಿಗಳಿಗೇ ಅಂಟಿಕೊಂಡಂತಾಗಿ, ಮೈತುಂಬ ಗಾಯದ ಗುರುತು ಮಾಡಿಕೊಂಡಿವೆ. ಫ್ಲಾರಿಡಾ ರಾಜ್ಯವು ತನ್ನ ನೀರಿನಲ್ಲಿ ಡೈವರ್‌ಗಳು ಮೀನುಗಳಿಗೆ ಆಹಾರ ಹಾಕುವುದನ್ನು 2002ರಿಂದಲೇ ನಿಲ್ಲಿಸಿದೆ. ನಮ್ಮ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಬಹುದಾದ ನೇತ್ರಾಣಿಯಲ್ಲೂ ಡೈವರ್‌ಗಳು ಇಳಿಯುತ್ತಾರೆ. ತಿಮಿಂಗಿಲ ಶಾರ್ಕ್‌ಗೆ ಭಾರತದಲ್ಲಿ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ ಎಂಬುದನ್ನು ಮಕ್ಕಳಿಗೆ ಹೇಳಬಹುದು.

ಹುಡುಗ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಹಲವು ಜಾತಿಯ ಶಾರ್ಕ್‌ಗಳನ್ನು ತಲೆಕೆಳಗು ಮಾಡಿದರೆ ಸ್ನಾಯುಗಳು ಸಡಿಲಗೊಂಡು ಅವು ಅಲುಗಾಡದೆ ನಿಲ್ಲುತ್ತವೆ. ಸಂಶೋಧಕರು ಗುರುತುಪಟ್ಟಿ ಹಾಕಲು, ಅಳತೆ ತೆಗೆಯಲು ಈ ಸ್ಥಿತಿಯನ್ನು ಬಳಸುತ್ತಾರೆ. ಆದರೆ ನಿಂಬೆ ಶಾರ್ಕ್ ಮರಿಗಳ ರಕ್ತವನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಸ್ಥಿತಿಯಲ್ಲಿ ಉಸಿರಾಟದ ಕ್ರಮ ಕೆಡುತ್ತದೆ, ಇದು ಮೂಲತಃ ಒತ್ತಡದ ಸ್ಥಿತಿಯೇ ಎಂದು ತೋರಿಸಿತು. ಆದ್ದರಿಂದ ಅದನ್ನು ನಿದ್ದೆ ಎನ್ನಲಾಗದು, ವಿಶ್ರಾಂತಿ ಎನ್ನುವುದಂತೂ ತಪ್ಪು. ಬರ್ಗ್‌ಹಾರ್ಟ್ ಅವರ ಐದನೆಯ ಷರತ್ತು ನೆಮ್ಮದಿಯನ್ನು ಏಕೆ ಕೇಳುತ್ತದೆ ಎಂಬುದಕ್ಕೆ ಚರ್ಚೆಯಲ್ಲಿ ಇದನ್ನೇ ಉದಾಹರಣೆಯಾಗಿ ಕೊಡಬಹುದು: ಹೊರಗೆ ಶಾಂತವಾಗಿ ಕಂಡ ಮಾತ್ರಕ್ಕೆ ಒಳಗೂ ಶಾಂತ ಎನ್ನಲಾಗದು.

ಹತ್ತಿಕುಣಿಯವರು ಹೇಳಿದ ಥರ್ಮಾಮೀಟರ್ ಪ್ರಯೋಗದ ಸರಳ ರೂಪವನ್ನು ಶಾಲೆಯ ಮೀನಿನ ತೊಟ್ಟಿಯಲ್ಲೇ ಮಾಡಬಹುದು ಎಂಬುದು ನನ್ನ ಸಲಹೆ. ತಳದಲ್ಲಿ ಭಾರವಿರುವ ಒಂದು ತೇಲು ವಸ್ತುವನ್ನೂ, ಅಷ್ಟೇ ಗಾತ್ರದ ಅಲುಗದ ಇನ್ನೊಂದು ವಸ್ತುವನ್ನೂ ತೊಟ್ಟಿಯೊಳಗೆ ಇಡಿಸಿರಿ. ಮೀನುಗಳಿಗೆ ಊಟ ಹಾಕುವ ಮೊದಲು ಒಂದು ಸಲ, ಹಾಕಿ ಸಾಕಷ್ಟು ಹೊತ್ತು ಕಳೆದ ಮೇಲೆ ಇನ್ನೊಂದು ಸಲ, ಯಾವ ಮೀನು ಯಾವುದನ್ನು ಎಷ್ಟು ಬಾರಿ ಮುಟ್ಟಿತು, ಹೇಗೆ ಮುಟ್ಟಿತು ಎಂದು ಇಬ್ಬಿಬ್ಬರು ಮಕ್ಕಳು ಪರಸ್ಪರ ಮಾತಾಡದೆ ಬರೆದುಕೊಳ್ಳಲಿ. ಇಬ್ಬರ ಎಣಿಕೆ ಹೊಂದದಿದ್ದರೆ ಆ ದಿನದ ದಾಖಲೆಯನ್ನು ಬಿಡಲಿ. ಊಟ ಹಾಕುವ ಕೈ ಪ್ರತಿ ಸಲ ತೊಟ್ಟಿಯ ಒಂದೇ ಬದಿಯಿಂದ ಬರುತ್ತಿದ್ದರೆ ವಸ್ತುಗಳನ್ನು ಆ ಬದಿಯಿಂದ ದೂರ ಇಡಿರಿ, ಇಲ್ಲವಾದರೆ ಬಹಾಮಾಸ್‌ನ ವಿಡಿಯೊದಲ್ಲಿ ಎದ್ದ ತಕರಾರೇ ಇಲ್ಲಿಯೂ ಏಳುತ್ತದೆ. ತೇಲು ವಸ್ತುವಾಗಿ ಪಾದರಸದ ಥರ್ಮಾಮೀಟರನ್ನು ಮಾತ್ರ ಬಳಸಬೇಡಿರಿ. ಒಡೆದರೆ ಮೀನಿಗೂ ಮಕ್ಕಳಿಗೂ ವಿಷ.